ಮೀಟರಿಗೆ ಸಿಗದ ಮುನ್ನೂರು ಓಮ್

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಎಷ್ಟೋ ಊರುಗಳಲ್ಲಿ ಟಿ.ವಿ. ಮೊದಲು ಬಂದದ್ದು ಮನೆಯೊಳಕ್ಕಲ್ಲ, ಮನೆಯ ಹಿಂದಿನ ಗುಡ್ಡಕ್ಕೆ. 1981ರ ನವೆಂಬರಿನಲ್ಲಿ ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾಯಿತು. ಆದರೆ ಕಣಿವೆಯಲ್ಲಿ ಅಡಕೆ ತೋಟ, ತೋಟದ ತಲೆಗೆ ಮನೆ, ಮನೆಯ ಬೆನ್ನಿಗೆ ಬೆಟ್ಟ ಎಂಬ ಮಲೆನಾಡಿನ ಕಟ್ಟುಪಾಡಿಗೆ ಟಿ.ವಿ. ಅಲೆಗಳು ಒಗ್ಗುವಂಥವಲ್ಲ. ಅವು ನೇರ ಹಾದಿಯವು, ಕಣಿವೆಗೆ ಇಳಿಯಲು ಒಲ್ಲವು. ಹಾಗಾಗಿ ಆಂಟೆನಾವನ್ನು ಗುಡ್ಡದ ನೆತ್ತಿಯ ಮರಕ್ಕೋ ಉದ್ದನೆಯ ಕಬ್ಬಿಣದ ಪೈಪಿಗೋ ಕಟ್ಟಿ, ಅಲ್ಲಿಂದ ಜಗಲಿಯವರೆಗೆ ತಂತಿ ಎಳೆಯಬೇಕಾಗುತ್ತಿತ್ತು. ಒಬ್ಬ ಮೇಲೆ ನಿಂತು ತಿರುಗಿಸುವುದು, ಇನ್ನೊಬ್ಬ ಕೆಳಗಿನಿಂದ ‘ಬಂತು, ಬಂತು... ಹೋಯ್ತು’ ಎಂದು ಕೂಗುವುದು.

ಆ ತಂತಿ ಈಗಲೂ ಕೆಲವರ ಅಟ್ಟದ ಮೇಲೆ ಸುರುಳಿ ಸುತ್ತಿಕೊಂಡು ಬಿದ್ದಿರಬಹುದು. ಬಟ್ಟೆ ಒಣಗಿಸುವ ಹಗ್ಗವಾಗಿ ಬಡ್ತಿಯನ್ನೂ ಪಡೆದಿರಬಹುದು. ಎರಡು ತೆಳು ತಾಮ್ರದ ಎಳೆಗಳು, ನಡುವೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಅಗಲದ ಪ್ಲಾಸ್ಟಿಕ್ ಪಟ್ಟಿ. ಅಂಗಡಿಯಲ್ಲಿ ಅದರ ಹೆಸರು ‘ಮುನ್ನೂರು ಓಮ್ ವೈರು’. ಓಮ್ ಎಂದರೆ ರೋಧದ ಅಳತೆ ಎಂದು ಹತ್ತನೆಯ ತರಗತಿಯ ಹುಡುಗರಿಗೂ ಗೊತ್ತು. ಸರಿ, ಮಲ್ಟಿಮೀಟರ್ ತಂದು ಅಳೆಯೋಣ. ಒಂದು ಎಳೆಯ ಈ ತುದಿಗೂ ಆ ತುದಿಗೂ ಮೀಟರ್ ಹಿಡಿದರೆ ನೂರು ಮೀಟರ್ ತಂತಿಗೆ ಕೆಲವೇ ಓಮ್ ತೋರಿಸುತ್ತದೆ. ಎಳೆಯಿಂದ ಎಳೆಗೆ ಹಿಡಿದರೆ ಮುಳ್ಳು ಅಲುಗುವುದೇ ಇಲ್ಲ, ನಡುವೆ ಪ್ಲಾಸ್ಟಿಕ್ ಇದೆಯಲ್ಲ. ತಂತಿಯನ್ನು ಅರ್ಧಕ್ಕೆ ಕತ್ತರಿಸಿದರೆ ಅದು ನೂರೈವತ್ತು ಓಮಿನದು ಆಗುತ್ತದೆಯೇ? ಇಲ್ಲ, ಒಂದು ಮೊಳ ಕತ್ತರಿಸಿದರೂ ಅದು ಮುನ್ನೂರು ಓಮಿನದೇ. ಹಾಗಾದರೆ ಈ ಮುನ್ನೂರು ಇರುವುದೆಲ್ಲಿ?

ಮೀಟರು ಸುಳ್ಳು ಹೇಳುತ್ತಿಲ್ಲ, ತಡವಾಗಿ ಹೇಳುತ್ತಿದೆ ಅಷ್ಟೆ. ತಂತಿಯ ಒಂದು ತುದಿಗೆ ಒಂಬತ್ತು ವೋಲ್ಟಿನ ಬ್ಯಾಟರಿ ತಗುಲಿಸಿದ ಕ್ಷಣದಲ್ಲಿ ಬ್ಯಾಟರಿಗೆ ಆ ಕಡೆಯ ತುದಿಯಲ್ಲಿ ಏನಿದೆ ಎಂಬುದು ಗೊತ್ತಿರುವುದಿಲ್ಲ. ಗೊತ್ತಾಗಲು ವಿದ್ಯುತ್ತಿನ ಅಲೆ ಅಲ್ಲಿಗೆ ಹೋಗಿ ತಿರುಗಿ ಬರಬೇಕು. ಅಲ್ಲಿಯವರೆಗೆ ಅದು ತನ್ನ ಮುಂದಿರುವ ಹಾದಿಯನ್ನಷ್ಟೇ ತುಂಬುತ್ತ ಹೋಗುತ್ತದೆ. ಪಕ್ಕಪಕ್ಕದ ಎರಡು ಎಳೆಗಳು ಸೇರಿ ಉದ್ದಕ್ಕೂ ಒಂದು ಕೆಪಾಸಿಟರ್, ಮೀಟರಿಗೆ ಸುಮಾರು 14 ಪೈಕೊಫ್ಯಾರಡ್. ಎಳೆಯ ಸುತ್ತ ಕಾಂತಕ್ಷೇತ್ರ ಹುಟ್ಟುವುದರಿಂದ ಅದೇ ತಂತಿ ಉದ್ದಕ್ಕೂ ಒಂದು ಇಂಡಕ್ಟರ್ ಕೂಡ, ಮೀಟರಿಗೆ ಸುಮಾರು ಒಂದೂಕಾಲು ಮೈಕ್ರೊಹೆನ್ರಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ ವರ್ಗಮೂಲ ತೆಗೆಯಿರಿ, ಮುನ್ನೂರು ಬರುತ್ತದೆ. ಉದ್ದ ಎರಡೂ ಕಡೆ ಹೊಡೆದುಹೋಗುವುದರಿಂದ ಒಂದು ಮೊಳಕ್ಕೂ ಒಂದು ಮೈಲಿಗೂ ಲೆಕ್ಕ ಒಂದೇ. ಅಲೆ ಓಡುತ್ತಿರುವಷ್ಟು ಹೊತ್ತು ಬ್ಯಾಟರಿಯಿಂದ ಒಂಬತ್ತನ್ನು ಮುನ್ನೂರರಿಂದ ಭಾಗಿಸಿದಷ್ಟು, ಅಂದರೆ 30 ಮಿಲಿ ಆಂಪಿಯರ್ ಹರಿಯುತ್ತದೆ. ಈ ಗುಣಕ್ಕೆ ಇಂಪೆಡೆನ್ಸ್ ಎಂದು ಹೆಸರು. ಇದು ತಾಮ್ರದ ಗುಣವಲ್ಲ, ಎಳೆಗಳ ದಪ್ಪ, ಅವುಗಳ ನಡುವಿನ ಅಂತರ, ಅಂತರದಲ್ಲಿ ತುಂಬಿದ ವಸ್ತು ಇವು ಸೇರಿ ಆದದ್ದು. ಒಂದೇ ಮಾತಿನಲ್ಲಿ ಹೇಳುವುದಾದರೆ, ಆಕಾರದ ಗುಣ.

ನೂರು ಮೀಟರ್ ತಂತಿಯಲ್ಲಿ ಅಲೆ ಹೋಗಿ ಬರಲು ಒಂದು ಮೈಕ್ರೊಸೆಕೆಂಡ್ ಕೂಡ ಬೇಡ. ಮೀಟರಿನ ಮುಳ್ಳಿಗೆ ಅಷ್ಟರಲ್ಲಿ ಎಚ್ಚರವೇ ಆಗಿರುವುದಿಲ್ಲ. ತಾಮ್ರಕ್ಕೆ ರೋಧವೇ ಇಲ್ಲ ಎಂದು ಭಾವಿಸಿ, ಇದೇ ತಂತಿಯನ್ನು ಚಂದ್ರನವರೆಗೆ ಎಳೆದರೆ ಕತೆ ಬೇರೆ. ಈ ತಂತಿಯಲ್ಲಿ ಅಲೆಯ ವೇಗ ಬೆಳಕಿನ ವೇಗದ ಐದರಲ್ಲಿ ನಾಲ್ಕು ಪಾಲು. 3,84,000 ಕಿಲೋಮೀಟರ್ ಹೋಗಿ ತಿರುಗಿ ಬರಲು ಮೂರು ಸೆಕೆಂಡಿಗೆ ಸ್ವಲ್ಪ ಹೆಚ್ಚು ಬೇಕು. ಆ ಮೂರು ಸೆಕೆಂಡು ಮಲ್ಟಿಮೀಟರ್ ಮುನ್ನೂರು ಓಮ್ ಎಂದೇ ತೋರಿಸುತ್ತದೆ!

ಹಾದಿ ಒಂದೇ ಸಮನಾಗಿರುವವರೆಗೆ ಅಲೆಗೆ ತಕರಾರಿಲ್ಲ. ಹಾದಿ ಬದಲಾದ ಕಡೆ ಅದರ ಒಂದು ಪಾಲು ಹಿಂದಕ್ಕೆ ಹೊರಳುತ್ತದೆ. ತೋಟದ ಪಂಪು ಓಡುತ್ತಿರುವಾಗ ಕರೆಂಟು ಹೋದರೆ ಪೈಪಿನೊಳಗೆ ‘ಢಬ್’ ಎಂಬ ಸದ್ದಾಗುವುದನ್ನು ಕೇಳಿರುತ್ತೀರಿ. ಮುಚ್ಚಿದ ವಾಲ್ವಿಗೆ ಬಡಿದ ಒತ್ತಡದ ಅಲೆ ಹಿಂದಿರುಗುವ ಸದ್ದು ಅದು. ವಿದ್ಯುತ್ತಿನಲ್ಲಿ ಎಷ್ಟು ಪಾಲು ಹಿಂದಿರುಗುತ್ತದೆ ಎಂಬುದಕ್ಕೆ ಸುಲಭದ ಲೆಕ್ಕವಿದೆ: ಎರಡೂ ಇಂಪೆಡೆನ್ಸುಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದರಾಯಿತು. ಮುನ್ನೂರು ಓಮಿನ ಚಪ್ಪಟೆ ತಂತಿಯನ್ನು ಎಪ್ಪತ್ತೈದು ಓಮಿನ ಟಿ.ವಿ. ಸಾಕೆಟ್ಟಿಗೆ ನೇರವಾಗಿ ಸಿಕ್ಕಿಸಿದರೆ ವ್ಯತ್ಯಾಸ 225, ಮೊತ್ತ 375. ವೋಲ್ಟೇಜಿನ ನೂರಕ್ಕೆ ಅರವತ್ತು ಪಾಲು ವಾಪಸು! ಅಷ್ಟು ಕಷ್ಟಪಟ್ಟು ಗುಡ್ಡದಿಂದ ಇಳಿಸಿ ತಂದ ಸಿಗ್ನಲ್ಲು ಮನೆಬಾಗಿಲಿನಿಂದ ಹಿಂದಿರುಗಿದ ಹಾಗೆ. ಟಿ.ವಿ.ಯ ಹಿಂದೆ ಸಿಕ್ಕಿಸುತ್ತಿದ್ದ ಹೆಬ್ಬೆರಳಿನಷ್ಟು ದೊಡ್ಡ ‘ಬಾಲನ್’ ಎಂಬ ಡಬ್ಬಿಯ ಕೆಲಸ ಮುನ್ನೂರನ್ನೂ ಎಪ್ಪತ್ತೈದನ್ನೂ ಹೊಂದಿಸುವುದು. ಎಷ್ಟೋ ಮನೆಗಳಲ್ಲಿ ಅದನ್ನು ಕಿತ್ತೆಸೆದು ತಂತಿಯನ್ನು ಬರಿಗೈಯಲ್ಲೇ ತುರುಕಿ, ಚಿತ್ರ ಸರಿಯಿಲ್ಲವೆಂದು ಬೂಸ್ಟರ್ ಕೊಂಡು ತಂದದ್ದಿದೆ. ಬೂಸ್ಟರ್ ಸಿಗ್ನಲ್ಲನ್ನು ಹಿಗ್ಗಿಸುತ್ತದೆ. ಜೊತೆಗೆ ಬಂದ ಕಲಬೆರಕೆಯನ್ನೂ ಅಷ್ಟೇ ಹಿಗ್ಗಿಸುತ್ತದೆ.

ಹಿಂದಿರುಗಿದ ಅಲೆ ಆಂಟೆನಾದ ಕಡೆಯೂ ಹೊಂದಿಕೆ ಕಾಣದಿದ್ದರೆ ಅಲ್ಲಿಂದ ಮತ್ತೆ ಹೊರಳಿ ಎರಡನೆಯ ಬಾರಿ ಟಿ.ವಿ.ಗೆ ಬರುತ್ತದೆ. ಆಗ ಮೂಲ ಚಿತ್ರದ ಬಲಗಡೆಗೆ ಒಂದು ಮಸುಕು ನೆರಳು ಕಾಣಿಸುತ್ತದೆ. ಇಪ್ಪತ್ತು ಇಂಚಿನ ಪರದೆಯ ಮೇಲೆ ಚಿತ್ರದ ಒಂದು ಗೆರೆ 40 ಸೆಂಟಿಮೀಟರ್ ಓಡಲು 52 ಮೈಕ್ರೊಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ನೂರು ಮೀಟರ್ ತಂತಿಯಲ್ಲಿ ಆದ ವಿಳಂಬಕ್ಕೆ ನೆರಳು ಸುಮಾರು ಆರೂವರೆ ಮಿಲಿಮೀಟರ್ ಸರಿಯುತ್ತದೆ. ಆದರೆ ಮಲೆನಾಡಿನಲ್ಲಿ ಮೂರು ನಾಲ್ಕು ಸೆಂಟಿಮೀಟರ್ ಆಚೆಗೂ ನೆರಳು ಕಾಣುತ್ತಿತ್ತಲ್ಲ? ಅದು ತಂತಿಯ ತಪ್ಪಲ್ಲ. ಒಂದೂವರೆ ಕಿಲೋಮೀಟರ್ ಸುತ್ತಿ, ಎದುರಿನ ಗುಡ್ಡಕ್ಕೆ ಬಡಿದು ಬಂದ ಅಲೆಯದು. ನೆರಳಿನ ದೂರವನ್ನು ಅಳತೆ ಕಡ್ಡಿಯಲ್ಲಿ ಅಳೆದರೆ ತಪ್ಪು ತಂತಿಯದೋ ಗುಡ್ಡದ್ದೋ ಹೇಳಬಹುದಿತ್ತು. ಮಳೆಗಾಲದಲ್ಲಿ ಚಿತ್ರ ಇನ್ನಷ್ಟು ಕೆಡುತ್ತಿದ್ದುದಕ್ಕೂ ಕಾರಣ ಆಕಾರವೇ. ಚಪ್ಪಟೆ ತಂತಿಯ ಮೇಲೆ ನೀರು ಕೂತರೆ ಎಳೆಗಳ ನಡುವಿನ ವಸ್ತುವೇ ಬದಲಾಯಿತು, ಮುನ್ನೂರು ಮುನ್ನೂರಾಗಿ ಉಳಿಯಲಿಲ್ಲ.

ಇಷ್ಟೆಲ್ಲ ಇದ್ದರೂ ಮನೆಗೆ ವೈರಿಂಗ್ ಮಾಡುವವರು ಇಂಪೆಡೆನ್ಸಿನ ಗೊಡವೆಗೆ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಇದಕ್ಕೆ ಕಾರಣ ಸಾಗರ ತಾಲ್ಲೂಕಿನ ಲಿಂಗನಮಕ್ಕಿಯ ನೀರಿನಿಂದ ಹುಟ್ಟುವ ಕರೆಂಟಿನಲ್ಲೇ ಇದೆ. 1965ರ ಜನವರಿಯಲ್ಲಿ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಯವರು ಉದ್ಘಾಟಿಸಿದ, 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರದ ಕರೆಂಟು ಸೆಕೆಂಡಿಗೆ 50 ಸಲ ಮಾತ್ರ ಹಿಂದೆ ಮುಂದೆ ಆಡುತ್ತದೆ. ಅದರ ಒಂದು ಅಲೆಯ ಉದ್ದ 6,000 ಕಿಲೋಮೀಟರ್. ಶರಾವತಿಯಿಂದ ಬೆಂಗಳೂರಿಗೆ ತಂತಿಯ ದಾರಿ ನಾನೂರು ಕಿಲೋಮೀಟರ್ ಎಂದಿಟ್ಟುಕೊಂಡರೂ ಅದು ಅಲೆಯ ಹದಿನೈದರಲ್ಲಿ ಒಂದು ಪಾಲು. ಮನೆಯ ಸ್ವಿಚ್ಚಿನಿಂದ ಬಲ್ಬಿನವರೆಗಿನ ತಂತಿಯಂತೂ ಲೆಕ್ಕಕ್ಕೇ ಇಲ್ಲ. ಆದರೆ ಏಪ್ರಿಲ್-ಮೇ ತಿಂಗಳ ಗುಡುಗಿನ ಮಳೆಯಲ್ಲಿ ಅದೇ ತಂತಿಗೆ ಸಿಡಿಲು ಬಡಿದರೆ ವೋಲ್ಟೇಜು ಏರುವುದು ಮೈಕ್ರೊಸೆಕೆಂಡಿನಲ್ಲಿ. ಅಷ್ಟರಲ್ಲಿ ಅಲೆ ಓಡುವುದು ಮುನ್ನೂರೇ ಮೀಟರು. ಈಗ ತಂತಿ ಬಹಳ ಉದ್ದವಾಯಿತು! ತಂತಿಯ ತುದಿಯ ಟ್ರಾನ್ಸ್‌ಫಾರ್ಮರ್ ಇಂಥ ಅಲೆಗೆ ಮುಚ್ಚಿದ ಬಾಗಿಲಿನ ಹಾಗೆ ಕಾಣುತ್ತದೆ, ಅಲೆ ಅಲ್ಲಿ ಬಡಿದು ವೋಲ್ಟೇಜು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಸಿಡಿಲು ತಡೆಯುವ ಅರೆಸ್ಟರುಗಳನ್ನು ದೂರದಲ್ಲೆಲ್ಲೋ ಅಲ್ಲದೆ ಟ್ರಾನ್ಸ್‌ಫಾರ್ಮರಿನ ಮಗ್ಗುಲಲ್ಲೇ ನಿಲ್ಲಿಸುವುದು ಇದಕ್ಕಾಗಿ. ತಂತಿ ಉದ್ದವೋ ಗಿಡ್ಡವೋ ಎಂಬುದನ್ನು ತೀರ್ಮಾನಿಸುವುದು ಟೇಪಲ್ಲ, ಸಿಗ್ನಲ್ಲು ಎಷ್ಟು ಬೇಗ ಏರುತ್ತದೆ ಎಂಬುದು.

ಈ ಒಂದು ಮಾತನ್ನು ಹಿಡಿದುಕೊಂಡು ಈಗ ಗುಡ್ಡದಿಂದ ಅಂಗೈಗೆ ಬರೋಣ. ಕಂಪ್ಯೂಟರು, ಮೊಬೈಲು, ಡೇರಿಯಲ್ಲಿ ಹಾಲಿನ ಕೊಬ್ಬು ಅಳೆಯುವ ಯಂತ್ರ, ಇವೆಲ್ಲದರ ಒಳಗೆ ಹಸಿರು ಹಲಗೆಯೊಂದು ಇರುತ್ತದೆ. ಅದರ ಮೇಲೆ ತಾಮ್ರದ ಸಣ್ಣ ಸಣ್ಣ ಗೆರೆಗಳು. ರಿಪೇರಿ ಅಂಗಡಿಗಳ ಭಾಷೆಯಲ್ಲಿ ಇವು ‘ಟ್ರ್ಯಾಕು’ಗಳು. ಗಾಜಿನ ನೂಲು ಮತ್ತು ಎಪಾಕ್ಸಿ ಅಂಟಿನಿಂದ ಮಾಡಿದ ಈ ಹಲಗೆಯಲ್ಲಿ ಅಲೆ ಒಂದು ನ್ಯಾನೊಸೆಕೆಂಡಿಗೆ ಸುಮಾರು 15 ಸೆಂಟಿಮೀಟರ್ ಓಡುತ್ತದೆ. 1970ರ ದಶಕದ ಚಿಪ್ಪುಗಳು ಸೊನ್ನೆಯಿಂದ ಒಂದಕ್ಕೆ ಏರಲು ಸುಮಾರು ಹತ್ತು ನ್ಯಾನೊಸೆಕೆಂಡ್ ತೆಗೆದುಕೊಳ್ಳುತ್ತಿದ್ದವು. ಅಷ್ಟರಲ್ಲಿ ಅಲೆ ಒಂದೂವರೆ ಮೀಟರ್ ಓಡಿರುತ್ತಿತ್ತು. ಹಲಗೆಯ ಉದ್ದವೇ ಒಂದು ಗೇಣಾದ್ದರಿಂದ ಟ್ರ್ಯಾಕು ಹೇಗೆ ಹೋದರೂ ನಡೆಯುತ್ತಿತ್ತು. ಈಗಿನ ಚಿಪ್ಪುಗಳು ಒಂದು ನ್ಯಾನೊಸೆಕೆಂಡಿಗಿಂತ ಬೇಗ ಏರುತ್ತವೆ. ಒಂದು ನ್ಯಾನೊಸೆಕೆಂಡ್ ಎಂದೇ ಇಟ್ಟುಕೊಂಡರೂ, ಆ ಅವಧಿಯ ಓಟದ ಆರನೆಯ ಒಂದು ಪಾಲು, ಅಂದರೆ ಎರಡೂವರೆ ಸೆಂಟಿಮೀಟರ್ ದಾಟಿದ ಟ್ರ್ಯಾಕು ಬರೀ ಟ್ರ್ಯಾಕಲ್ಲ. ಅದು ಗುಡ್ಡದಿಂದ ಇಳಿದುಬಂದ ಚಪ್ಪಟೆ ತಂತಿಯ ಸೋದರ.

ಹೊಂದಿಕೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಲೆಕ್ಕ ನೋಡಿ. 3.3 ವೋಲ್ಟಿನ ಚಿಪ್ಪು, ಅದರ ಒಳರೋಧ 20 ಓಮ್, ಟ್ರ್ಯಾಕಿನ ಇಂಪೆಡೆನ್ಸ್ 50 ಓಮ್. 70ರಲ್ಲಿ 50 ಪಾಲು, ಅಂದರೆ 2.36 ವೋಲ್ಟಿನ ಅಲೆ ಹೊರಡುತ್ತದೆ. ಆ ಕಡೆಯ ಚಿಪ್ಪಿನ ಬಾಗಿಲು ಹೆಚ್ಚುಕಡಿಮೆ ಮುಚ್ಚಿದ್ದೇ, ಅಲ್ಲಿ ಬಡಿದ ಅಲೆ ಇಮ್ಮಡಿಯಾಗಿ 4.7 ವೋಲ್ಟ್ ಆಗುತ್ತದೆ. 3.3 ವೋಲ್ಟಿನ ಚಿಪ್ಪಿಗೆ 4.7 ವೋಲ್ಟಿನ ಗುದ್ದು! ಅಲೆ ಹಿಂದಿರುಗಿ, ಮತ್ತೆ ಹೊರಟು ಬಂದಾಗ 2.7ಕ್ಕೆ ಇಳಿಯುತ್ತದೆ, ಮತ್ತೆ ಏರುತ್ತದೆ. ಹೀಗೆ ಜೋಲಿ ಹೊಡೆಯುವಾಗ ಒಂದನ್ನು ಸೊನ್ನೆಯೆಂದೋ, ಒಂದು ಬಡಿತವನ್ನು ಎರಡು ಬಡಿತವೆಂದೋ ಚಿಪ್ಪು ತಪ್ಪಾಗಿ ಓದಬಹುದು. ಈಗ ಹೊರಡುವ ಕಡೆ 30 ಓಮಿನ ಒಂದು ರೆಸಿಸ್ಟರ್ ಸೇರಿಸಿ. 20ಕ್ಕೆ 30 ಸೇರಿ 50. ಹೊರಡುವುದು 3.3ರ ಅರ್ಧ, 1.65. ಆ ಕಡೆ ಇಮ್ಮಡಿಯಾದಾಗ ಸರಿಯಾಗಿ 3.3. ಹಿಂದಿರುಗಿ ಬಂದ ಅಲೆಯನ್ನು ಈ ಕಡೆಯ 50 ಓಮ್ ನುಂಗಿಕೊಂಡು ಸುಮ್ಮನಾಗುತ್ತದೆ. ಹತ್ತಾರು ಪೈಸೆಯ ವಸ್ತುವೊಂದು ಸಾವಿರಾರು ರೂಪಾಯಿಯ ಯಂತ್ರದ ಮರ್ಯಾದೆ ಉಳಿಸುವುದು ಹೀಗೆ.

ಇದರಲ್ಲಿ ಜನಸಾಮಾನ್ಯರ ಪಾಡು ಏನು ಎಂದರೆ, ಇಂಥ ದೋಷ ಮೀಟರಿಗೆ ಸಿಗುವುದಿಲ್ಲ. ಡೇರಿಯ ಯಂತ್ರ ದಿನಕ್ಕೊಮ್ಮೆ ‘ಹ್ಯಾಂಗ್’ ಆಗುತ್ತದೆ ಅಥವಾ ಅಂಕಿ ತಪ್ಪು ತೋರಿಸುತ್ತದೆ ಎನ್ನಿ. ಕೊಬ್ಬಿನ ಅಂಕಿಯ ಮೇಲೆ ರೈತನ ಹಾಲಿನ ದರ ನಿಂತಿದೆ. ಹಲಗೆ ಶಿವಮೊಗ್ಗಕ್ಕೋ ಬೆಂಗಳೂರಿಗೋ ರಿಪೇರಿಗೆ ಹೋಗುತ್ತದೆ. ಪ್ರತಿ ಟ್ರ್ಯಾಕಿಗೂ ಮೀಟರ್ ಹಿಡಿದರೆ ‘ಬೀಪ್’ ಎನ್ನುತ್ತದೆ. ಎಲ್ಲ ಸರಿಯಿದೆ ಎಂದು ಚೀಟಿ ಬರೆದು ವಾಪಸು ಕಳಿಸುತ್ತಾರೆ. ಊರಿಗೆ ಬಂದ ಮೇಲೆ ಮತ್ತೆ ಅದೇ ಕತೆ. ಇನ್ನೂ ವಿಚಿತ್ರವೆಂದರೆ, ವರ್ಷಗಟ್ಟಲೆ ಸರಿಯಾಗಿ ನಡೆದ ವಿನ್ಯಾಸವೂ ಒಂದು ದಿನ ಹೀಗೆ ಕೆಡಬಹುದು. ಚಿಪ್ಪು ತಯಾರಿಸುವವರು ಅದೇ ನಂಬರಿನ ಚಿಪ್ಪನ್ನು ಹೊಸ ವಿಧಾನದಲ್ಲಿ ಇನ್ನಷ್ಟು ಕಿರಿದಾಗಿ ಮಾಡಿರುತ್ತಾರೆ. ಕಿರಿದಾದದ್ದು ಬೇಗ ಏರುತ್ತದೆ. ಹಲಗೆ ಅದೇ, ಟ್ರ್ಯಾಕು ಅದೇ, ಆದರೆ ನಿನ್ನೆ ಗಿಡ್ಡವಾಗಿದ್ದ ಟ್ರ್ಯಾಕು ಇಂದು ಉದ್ದವಾಯಿತು. ಇಂಥಲ್ಲಿ ರಿಪೇರಿಯವನನ್ನು ಬೈದು ಪ್ರಯೋಜನವಿಲ್ಲ, ತಪ್ಪು ಹಲಗೆಯ ನಕ್ಷೆ ಬರೆದವರದು.

ಹಾಗಾದರೆ ನಕ್ಷೆ ಬರೆಯುವವರು ಮಾಡಬೇಕಾದ್ದೇನು? ಆಕಾರವನ್ನು ಹಿಡಿತದಲ್ಲಿಡುವುದು. ಟ್ರ್ಯಾಕಿನ ಕೆಳಗಿನ ಪದರದಲ್ಲಿ ಅಗಲವಾದ ತಾಮ್ರದ ಹಾಳೆಯೊಂದನ್ನು ಹಾಸುತ್ತಾರೆ. ಇದು ನೆಲಪದರ. ಚಪ್ಪಟೆ ತಂತಿಯ ಎರಡನೆಯ ಎಳೆಯ ಜಾಗದಲ್ಲಿ ಈಗ ಇದು. ಟ್ರ್ಯಾಕಿನ ಅಗಲ, ಅದಕ್ಕೂ ನೆಲಪದರಕ್ಕೂ ಇರುವ ಅಂತರದ ಸುಮಾರು ಎರಡರಷ್ಟಿದ್ದರೆ ಇಂಪೆಡೆನ್ಸ್ 50 ಓಮಿನ ಹತ್ತಿರ. ಅಗಲವನ್ನು ಅರ್ಧ ಮಾಡಿದರೆ 70ರ ಸುಮಾರಿಗೆ ಏರುತ್ತದೆ. ಎರಡೇ ಪದರದ, 1.6 ಮಿಲಿಮೀಟರ್ ದಪ್ಪದ ಸಾಧಾರಣ ಹಲಗೆಯಲ್ಲಿ 50 ಓಮ್ ಬೇಕಾದರೆ ಟ್ರ್ಯಾಕು ಮೂರು ಮಿಲಿಮೀಟರ್ ಅಗಲವಿರಬೇಕು. ಕಾಲಿನಿಂದ ಕಾಲಿಗೆ ಅರ್ಧ ಮಿಲಿಮೀಟರ್ ಅಂತರವಿರುವ ಚಿಪ್ಪಿಗೆ ಇಷ್ಟು ಅಗಲದ ಟ್ರ್ಯಾಕು ಎಂದರೆ ಕಾಲುದಾರಿಯಲ್ಲಿ ಲಾರಿ ಬಿಟ್ಟಂತೆ. ಅದಕ್ಕೇ ನಾಲ್ಕು, ಆರು, ಎಂಟು ಪದರದ ಹಲಗೆಗಳು. ನೆಲಪದರವನ್ನು 0.2 ಮಿಲಿಮೀಟರ್ ಹತ್ತಿರಕ್ಕೆ ತಂದರೆ ಟ್ರ್ಯಾಕಿನ ಅಗಲವೂ 0.4 ಮಿಲಿಮೀಟರಿಗೆ ಇಳಿಯುತ್ತದೆ. ಜೋಡಿ ಟ್ರ್ಯಾಕುಗಳಲ್ಲಿ ಓಡುವ ಯು.ಎಸ್.ಬಿ.ಗೆ 90 ಓಮ್, ಎಚ್.ಡಿ.ಎಂ.ಐ.ಗೆ 100 ಓಮ್ ಎಂದು ನಿಗದಿಯಾಗಿದೆ. ಅಲ್ಲಿ ಎರಡು ಟ್ರ್ಯಾಕುಗಳ ನಡುವಿನ ಅಂತರವೂ ಲೆಕ್ಕಕ್ಕೆ ಬರುತ್ತದೆ.

ಅಂದಹಾಗೆ ಈ 50 ಓಮಿಗೆ ದೈವದತ್ತ ಮಹತ್ವವೇನೂ ಇಲ್ಲ. ಒಳಗೆ ಗಾಳಿ ತುಂಬಿದ ದುಂಡು ಕೇಬಲ್ಲಿನಲ್ಲಿ ಹೆಚ್ಚು ಶಕ್ತಿ ಸಾಗಿಸಬೇಕಾದರೆ 30 ಓಮ್ ಒಳ್ಳೆಯದು, ಕಡಿಮೆ ನಷ್ಟ ಬೇಕಾದರೆ 77 ಓಮ್ ಒಳ್ಳೆಯದು. ನಡುವೆ ಎಲ್ಲೋ ಒಂದು ಕಡೆ ರಾಜಿಯಾದರು. ನಷ್ಟದ ಚಿಂತೆಯೇ ಮುಖ್ಯವಾದ ಟಿ.ವಿ.ಯವರು 75ನ್ನು ಹಿಡಿದರು.

ನೆಲಪದರ ಹಾಸಿದರೆ ಸಾಲದು, ಅದು ತುಂಡಾಗದಂತೆ ನೋಡಿಕೊಳ್ಳಬೇಕು. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ಮೇಲೆ ಟ್ರ್ಯಾಕಿನಲ್ಲಿ ಹೋದ ಕರೆಂಟು ಕೆಳಗೆ ನೆಲಪದರದಲ್ಲಿ, ಸರಿಯಾಗಿ ಆ ಟ್ರ್ಯಾಕಿನ ಅಡಿಯಲ್ಲೇ, ಹಿಂದಿರುಗುತ್ತದೆ. ಅಲ್ಲೊಂದು ಸೀಳು ಬಿಟ್ಟಿದ್ದರೆ? ಮಳೆಗಾಲದಲ್ಲಿ ಹಳ್ಳದ ಸಂಕ ಕೊಚ್ಚಿಹೋದಾಗ ಆಚೆ ದಂಡೆಯ ಮನೆಗೆ ಮೈಲಿಗಟ್ಟಲೆ ಸುತ್ತಿ ಹೋಗುತ್ತಾರಲ್ಲ, ಹಾಗೆ ಕರೆಂಟೂ ಸುತ್ತಿ ಬರುತ್ತದೆ. ಆ ಸುತ್ತಿನಲ್ಲಿ ಇಂಪೆಡೆನ್ಸ್ ಏರುತ್ತದೆ, ಅಲೆ ಹೊರಳುತ್ತದೆ, ಸಾಲದ್ದಕ್ಕೆ ಅಕ್ಕಪಕ್ಕದ ಟ್ರ್ಯಾಕುಗಳಿಗೂ ರೇಡಿಯೊಗಳಿಗೂ ಕಿರಿಕಿರಿ. ಟ್ರ್ಯಾಕನ್ನು ಲಂಬಕೋನದಲ್ಲಿ ತಿರುಗಿಸಬಾರದು ಎಂಬ ನಿಯಮವನ್ನು ಮಾತ್ರ ಎಲ್ಲರೂ ಶ್ರದ್ಧೆಯಿಂದ ಪಾಲಿಸುತ್ತಾರೆ. ಸಾಮಾನ್ಯ ವೇಗಗಳಲ್ಲಿ ಅದರಿಂದಾಗುವ ನಷ್ಟ ಅತ್ಯಲ್ಪ. ಸೀಳಿನ ಮುಂದೆ ಅದು ಏನೇನೂ ಅಲ್ಲ. ಕಂಪ್ಯೂಟರಿನ ಹಲಗೆಯಲ್ಲಿ ಹಾವಿನಂತೆ ಹೊರಳುವ ಟ್ರ್ಯಾಕುಗಳನ್ನು ಕಂಡವರು ಇದೂ ಇಂಪೆಡೆನ್ಸಿಗಾಗಿ ಎಂದುಕೊಳ್ಳಬಹುದು. ಅದು ಬೇರೆ ಸಂಗತಿ. ಜೊತೆಯಲ್ಲಿ ಹೊರಟ ಸಿಗ್ನಲ್ಲುಗಳು ಜೊತೆಯಲ್ಲೇ ತಲುಪಲೆಂದು ಗಿಡ್ಡ ದಾರಿಯವನ್ನು ಬೇಕೆಂದೇ ಸುತ್ತಿಸುತ್ತಾರೆ.

ಮಲೆನಾಡಿಗೆ ಇನ್ನೊಂದು ತೊಡಕಿದೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ, ಹೊಸನಗರ ತಾಲ್ಲೂಕಿನ ಹುಲಿಕಲ್ಲಿನಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಮರದ ಪೆಟ್ಟಿಗೆಯೊಳಗಿನ ಬಟ್ಟೆಗೂ ಬೂಸಲು ಹಿಡಿಯುತ್ತದೆ. ಎಪಾಕ್ಸಿ ಹಲಗೆಯೂ ತೇವ ಹೀರುತ್ತದೆ. ಹೀರುವುದು ಸ್ವಲ್ಪವೇ, ಆದರೆ ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ ಸುಮಾರು 80, ಹಲಗೆಯದು ನಾಲ್ಕೂವರೆಯ ಒಳಗೆ. ಹಾಗಾಗಿ ತೇವದಿಂದ ಇಂಪೆಡೆನ್ಸ್ ತುಸು ಇಳಿಯುತ್ತದೆ. ಸರಿಯಾಗಿ ಮಾಡಿದ ಹಲಗೆಗೆ ಇದು ದೊಡ್ಡದಲ್ಲ. ಆದರೆ ಬೆಂಗಳೂರಿನ ಹವಾನಿಯಂತ್ರಿತ ಕೋಣೆಯಲ್ಲಿ ಅಂಚಿನ ಮೇಲೆ ನಿಂತು ಪಾಸಾದ ಹಲಗೆಯನ್ನು ಆಚೆಗೆ ತಳ್ಳಲು ಅಷ್ಟು ಸಾಕು. ಈ ಮೂರು ತಾಲ್ಲೂಕುಗಳಿಂದ ಎಂಜಿನಿಯರಿಂಗ್ ಓದಲು ಹೋದ ಮಕ್ಕಳು ಬೆಂಗಳೂರಿನಲ್ಲಿ ಇಂಥ ನಕ್ಷೆ ಬರೆಯುವ ಕೆಲಸದಲ್ಲಿದ್ದರೆ, ಪರೀಕ್ಷೆಗೆ ಒಂದು ಹಲಗೆಯನ್ನು ಜುಲೈ ತಿಂಗಳಲ್ಲಿ ಊರಿಗೆ ತಂದು ಜಗಲಿಯ ಮೇಲಿಟ್ಟು ನೋಡಬಹುದು.

ನಕ್ಷೆ ಎಷ್ಟು ಚೆಂದವಿದ್ದರೂ ಕೊನೆಯ ಮಾತು ಕಾರ್ಖಾನೆಯದು. ಇಂಥ ಹಲಗೆಗಳ ಕಾರ್ಖಾನೆ ಕರ್ನಾಟಕಕ್ಕೆ ಹೊಸದಲ್ಲ. ನಂಜನಗೂಡಿನ ಇಂಡಾಲ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯನ್ನು 1999ರಲ್ಲಿ ಆಸ್ಟ್ರಿಯಾದ ಎ.ಟಿ. ಅಂಡ್ ಎಸ್. ಕಂಪನಿ ಕೊಂಡುಕೊಂಡಿತು. ಯಾವ ಕಾರ್ಖಾನೆಯಲ್ಲೇ ಆಗಲಿ, ಬೇಡದ ತಾಮ್ರವನ್ನು ರಾಸಾಯನಿಕದಲ್ಲಿ ಕರಗಿಸುವಾಗ ದ್ರವ ಟ್ರ್ಯಾಕಿನ ಮಗ್ಗುಲನ್ನೂ ತಿನ್ನುತ್ತದೆ. ಟ್ರ್ಯಾಕನ್ನು ಅಡ್ಡ ಕೊಯ್ದು ನೋಡಿದರೆ ಅದು ಚೌಕವಲ್ಲ, ತೋಟದ ಏರಿಯ ಹಾಗೆ ಮೇಲೆ ಕಿರಿದು, ಕೆಳಗೆ ಅಗಲ. ಒತ್ತಿ ಅಂಟಿಸುವಾಗ ಪದರಗಳ ದಪ್ಪವೂ ಕೂದಲೆಳೆಯಷ್ಟು ಆಚೀಚೆ. ಆದ್ದರಿಂದ ಹಲಗೆ ಮಾಡುವವರು ಸಾಮಾನ್ಯವಾಗಿ ನೂರಕ್ಕೆ ಹತ್ತು ಹೆಚ್ಚುಕಡಿಮೆಯ ಒಳಗೆ ಕೊಡುತ್ತೇವೆ ಎನ್ನುತ್ತಾರೆ. ಕೊಟ್ಟರೋ ಇಲ್ಲವೋ ಎಂದು ನೋಡುವುದಕ್ಕೆ ಹಲಗೆಯ ಅಂಚಿನಲ್ಲೇ, ಮುಖ್ಯ ಟ್ರ್ಯಾಕುಗಳಷ್ಟೇ ಅಗಲದ ಒಂದು ಪರೀಕ್ಷಾ ಪಟ್ಟಿ ಮಾಡಿರುತ್ತಾರೆ. ಅನ್ನ ಬೆಂದಿದೆಯೇ ಎಂದು ನೋಡಲು ಅಗುಳು ಹಿಚುಕಿದಂತೆ ಆ ಪಟ್ಟಿಗೆ ಅತಿ ವೇಗದ ಒಂದು ಬಡಿತ ಕಳಿಸುತ್ತಾರೆ. ಹಾದಿ ಎಲ್ಲಿ ಬದಲಾಯಿತೋ ಅಲ್ಲಿಂದ ಒಂದಿಷ್ಟು ಹಿಂದಿರುಗುತ್ತದೆ. ಎಷ್ಟು ಹಿಂದಿರುಗಿತು ಎಂಬುದರಿಂದ ಇಂಪೆಡೆನ್ಸ್ ತಿಳಿಯುತ್ತದೆ, ಎಷ್ಟು ಹೊತ್ತಿಗೆ ಎಂಬುದರಿಂದ ಜಾಗ ತಿಳಿಯುತ್ತದೆ.

ಮಲ್ಟಿಮೀಟರಿಗೆ ಸಿಗದ ಓಮ್ ಸಿಗುವುದು ಈ ಯಂತ್ರದಲ್ಲಿ. ನೆಲದಡಿಯ ಟೆಲಿಫೋನ್ ಕೇಬಲ್ಲು ಎಲ್ಲಿ ತುಂಡಾಗಿದೆ ಎಂದು ಹುಡುಕುವವರ ಕೈಯಲ್ಲಿರುವುದೂ ಇದರ ದೊಡ್ಡಣ್ಣನೇ. ರಸ್ತೆ ಅಗಲ ಮಾಡಲು ಬಂದ ಜೆ.ಸಿ.ಬಿ. ಎಲ್ಲೋ ಕೇಬಲ್ಲನ್ನು ಕಿತ್ತು ಮಣ್ಣು ಮುಚ್ಚಿ ಹೋಗಿರುತ್ತದೆ. ಬಡಿತ ಕಳಿಸಿದರೆ 1.2 ಮೈಕ್ರೊಸೆಕೆಂಡಿಗೆ ಮರಳಿ ಬಂತು ಎನ್ನಿ. ಆ ಕೇಬಲ್ಲಿನಲ್ಲಿ ಅಲೆಯ ವೇಗ ಮೈಕ್ರೊಸೆಕೆಂಡಿಗೆ ಇನ್ನೂರು ಮೀಟರ್ ಆದರೆ ಹೋಗಿಬರುವ ದಾರಿ 240 ಮೀಟರ್, ಹೋಗುವ ದಾರಿ 120. ಟೇಪು ಹಿಡಿದು ಅಷ್ಟು ದೂರ ನಡೆದು, ಅಲ್ಲಿ ಗುದ್ದಲಿ ಹಾಕಬಹುದು.